ಡಬ್ಬಿ ಮೇಷ್ಟ್ರ ಮಗಳು

ಆ ವಿಜ್ಞಾನ ಹೈಸ್ಕೂಲಿಗೆ ಸೇರುವುದೆಂದರೆ ಹುಡುಗಾಟದ ಮಾತಲ್ಲ. ಬರವಣಿಗೆಯ ಪರೀಕ್ಷೆಗೆ ಊರಿನ ಅರ್ಧದಷ್ಟು ಮಕ್ಕಳು ಕೂರುತ್ತಾರೆ. ಒಳಗೆ ಕೂತ ಮಕ್ಕಳಿಗಿಂತ ಹೆಚ್ಚಾಗಿ ಗೇಟಿನ ಹೊರಗೆ ನಿಂತ ಅಪ್ಪ ಅಮ್ಮಂದಿರು ಬೆವರುತ್ತಾರೆ. ಟ್ಯೂಷನ್ನಿನವರು ಹಳೆಯ ಪ್ರಶ್ನೆಗಳನ್ನೆಲ್ಲ ಅರೆದು ಕುಡಿಸಿಯೇ ಕಳಿಸಿರುತ್ತಾರೆ. ಆದರೆ ಅದರಲ್ಲಿ ಪಾಸಾದರೆ ಮುಗಿಯಿತೇ? ಎಲ್ಲಿ ಬಂತು! ಆಮೇಲೆ ಡಬ್ಬಿ ಪರೀಕ್ಷೆ ಇರುತ್ತದೆ, ಅಲ್ಲಿ ಯಾವ ಟ್ಯೂಷನ್ನಿನವರ ಬೇಳೆಯೂ ಬೇಯುವುದಿಲ್ಲ.

ಡಬ್ಬಿ ಪರೀಕ್ಷೆ ಎಂದರೆ ದೊಡ್ಡ ವಿದ್ಯೆಯೇನಲ್ಲ. ಮುಚ್ಚಳ ಬಿಗಿದು ಟೇಪು ಸುತ್ತಿದ ತಗಡಿನ ಡಬ್ಬಿಯೊಂದನ್ನು ಮಗುವಿನ ಮುಂದೆ ಇಡುತ್ತಾರೆ. ಅದನ್ನು ಅಲ್ಲಾಡಿಸಬಹುದು, ಉರುಳಿಸಬಹುದು, ಕಿವಿಗೆ ಹಿಡಿಯಬಹುದು, ಪಕ್ಕದಲ್ಲಿಟ್ಟ ಅಯಸ್ಕಾಂತವನ್ನೋ ತಕ್ಕಡಿಯನ್ನೋ ಬಳಸಬಹುದು. ತೆರೆಯುವುದನ್ನು ಬಿಟ್ಟು ಬೇರೇನು ಬೇಕಾದರೂ ಮಾಡಬಹುದು. ಒಳಗೆ ಏನಿದೆ, ಅದು ಯಾಕೆ ಹಾಗೆ ಅನ್ನಿಸುತ್ತದೆ ಎಂದು ಹೇಳಬೇಕು, ಅಷ್ಟೆ. ಉತ್ತರದ ಚೀಟಿ ಮೇಜಿನ ಆಚೆ ಕೂತವರ ಕೈಯಲ್ಲಿರುತ್ತದೆ. ಸರಿಯೋ ತಪ್ಪೋ ಎಂದು ಮಗುವಿಗೆ ಯಾರೂ ಹೇಳುವುದಿಲ್ಲ. ಸೀಟು ಸಿಕ್ಕವರು ಮಾತ್ರ ಶಾಲೆ ಶುರುವಾದ ಮೊದಲ ವಾರ ತಮ್ಮ ತಮ್ಮ ಡಬ್ಬಿಯನ್ನು ತಾವೇ ತೆರೆದು ನೋಡುತ್ತಾರೆ. ಆ ವಾರ ಇಡೀ ಶಾಲೆಯಲ್ಲಿ ಕೇಕೆಯೋ ಕೇಕೆ.

ಈ ಡಬ್ಬಿಗಳನ್ನು ಹುಟ್ಟುಹಾಕಿದವರು ಅಲ್ಲಿನ ಭೌತಶಾಸ್ತ್ರದ ಮೇಷ್ಟ್ರು. ಅವರ ನಿಜವಾದ ಹೆಸರು ಈಗ ಸಂಬಳ ಕೊಡುವ ಗುಮಾಸ್ತರೊಬ್ಬರಿಗೆ ಬಿಟ್ಟರೆ ಯಾರಿಗೂ ನೆನಪಿಲ್ಲ. ಎಲ್ಲರ ಬಾಯಲ್ಲೂ ಡಬ್ಬಿ ಮೇಷ್ಟ್ರು. ತೆಳ್ಳನೆಯ ಮನುಷ್ಯ, ಮಾತು ಕಮ್ಮಿ, ಹಟ ಜಾಸ್ತಿ. 'ಅಪ್ಪ ಅಮ್ಮಂದಿರ ಕೈ ಎಟಕದ ಜಾಗ ಅಂತ ಇದ್ದರೆ ಅದು ನನ್ನ ಡಬ್ಬಿ ಒಂದೇ' ಎನ್ನುವುದು ಅವರ ಹೆಮ್ಮೆ. ಆ ಹೆಮ್ಮೆ ಸುಮ್ಮನೆ ಬಂದದ್ದಲ್ಲ. ದೊಡ್ಡ ದೊಡ್ಡವರ ಫೋನುಗಳಿಗೆ 'ಆಗೋದಿಲ್ಲ' ಎಂದು ಹೇಳಿ ಹೇಳಿ ಸಂಪಾದಿಸಿದ್ದು.

ಆ ವರ್ಷ ಮೇಷ್ಟ್ರ ಮಗಳೂ ಬರೆದಿದ್ದಳು, ಮೇಷ್ಟ್ರ ಅಕ್ಕನ ಮಗನೂ ಬರೆದಿದ್ದ. ಇಬ್ಬರೂ ಪಾಸಾಗಿ ಡಬ್ಬಿ ಪರೀಕ್ಷೆಗೆ ಬಂದು ನಿಂತರು. ಸುದ್ದಿ ಬಂದ ದಿನ ಸಂಜೆಯೇ ಅಕ್ಕ ಮನೆಗೆ ಬಂದಳು. ಚಪ್ಪಲಿ ಬಿಡುವಾಗಲೇ ಮಾತು ಶುರು.

"ಲೋ, ನಾನೇನು ಉತ್ತರ ಹೇಳ್ಕೊಡು ಅಂತ ಕೇಳ್ತಿಲ್ಲ. ಒಂದೇ ಒಂದು ಡಬ್ಬಿ ಅವನ ಕೈಗೆ ಕೊಡು, ಸಾಕು. ಹೇಗೆ ಹಿಡ್ಕೋಬೇಕು, ಹೇಗೆ ಕೇಳಿಸ್ಕೋಬೇಕು ಅಂತಾನಾದ್ರೂ ಗೊತ್ತಾಗ್ಲಿ. ನನ್ನ ಮಗನ ಬುದ್ಧಿ ನಿನಗೆ ಗೊತ್ತಲ್ಲ, ಸಿಕ್ಕಿದ್ದನ್ನೆಲ್ಲ ಮುರಿದು ಇಡ್ತಾನೆ."

ಅದು ಸುಳ್ಳಲ್ಲ. ಆ ಹುಡುಗನನ್ನು ನೆಂಟರಿಷ್ಟರೆಲ್ಲ ಬುಲ್ಡೋಜರ್ ಎಂದೇ ಕರೆಯುತ್ತಿದ್ದರು.

"ಆಗಲ್ಲ ಅಕ್ಕ," ಎಂದರು ಮೇಷ್ಟ್ರು. "ಅಪ್ಪ ಅಮ್ಮನ ಕೈ ಅಲ್ಲಿಗೆ ಎಟಕಬಾರದು."

"ನಾನು ಕೇಳಿದ್ದು ಮಾವನ ಕೈ ಕಣೋ!"

"ಮಾವನ ಕೈಯೂ ಎಟಕಬಾರದು. ನೋಡು, ನನ್ನ ಮಗಳೂ ಇದಾಳೆ ಅಂತ ನಾನು ಆ ದಿನ ಮೇಜಿಗೇ ಕೂರಲ್ಲ. ಪ್ರಿನ್ಸಿಪಾಲ್ ಮೇಡಂಗೆ ಹೇಳಿ ಆಗಿದೆ. ಸ್ಟೋರ್ ರೂಮಿನಲ್ಲಿ ಬಾಗಿಲು ಹಾಕ್ಕೊಂಡು ಕೂತಿರ್ತೀನಿ. ಮಗಳಿಗೇ ಮಾಡದ್ದನ್ನ ನಿನ್ನ ಮಗನಿಗೆ ಹೇಗೆ ಮಾಡ್ಲಿ?"

ಅಕ್ಕನ ಮುಖ ಇಷ್ಟಾಯಿತು. ಅಮ್ಮ ಹಾಸಿಗೆ ಹಿಡಿದ ಕಾಲದಲ್ಲಿ ಈ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. "ಆಯ್ತಪ್ಪ, ದೊಡ್ಡ ಮನುಷ್ಯ ಆಗ್ಬಿಟ್ಟೆ," ಎಂದು ಕೊಟ್ಟ ಟೀಯನ್ನು ಅರ್ಧಕ್ಕೇ ಬಿಟ್ಟು ಹೋದಳು. ಮೇಷ್ಟ್ರು ಗೇಟಿನವರೆಗೆ ಅವಳ ಹಿಂದೆ ಹೋಗಿ ಬಂದು, ಆ ಲೋಟವನ್ನು ಕಿಟಕಿಯ ಪಕ್ಕಕ್ಕೆ ಸರಿಸಿದರು. ಆದರೂ, ಸುಳ್ಳು ಯಾಕೆ ಹೇಳಬೇಕು, ತಾವು ಸರಿಯಾದುದನ್ನೇ ಮಾಡಿದೆವು ಎಂಬ ಸಮಾಧಾನವೂ ಚೆನ್ನಾಗಿಯೇ ಇತ್ತು.

ಆ ಸಮಾಧಾನ ಉಳಿದದ್ದು ಊಟ ಮುಗಿಯುವವರೆಗೆ. ಆ ಮನೆಯಲ್ಲಿ ಒಂದು ಅಭ್ಯಾಸ. ರಾತ್ರಿ ಊಟವಾಗಿ ತಟ್ಟೆ ಎತ್ತಿದ ಮೇಲೆ ಮೇಷ್ಟ್ರು ಮೇಜು ಒರೆಸಿ, ಹೊಸದಾಗಿ ಮಾಡಿದ ಡಬ್ಬಿಯನ್ನು ತಂದು ಮಗಳ ಮುಂದೆ ಇಡುತ್ತಿದ್ದರು. ಅವಳು ಹಾಲುಹಲ್ಲು ಉದುರಿಸುತ್ತಿದ್ದ ಕಾಲದಿಂದ ನಡೆದು ಬಂದದ್ದು ಇದು. ಎಷ್ಟು ಬಿಗಿಯಾಗಿ ಮುಚ್ಚಿದರೂ ಒಳಗೆ ನುಗ್ಗುತ್ತಾಳೆ ಎಂದು ಮಗಳಿಗೆ ಇರುವೆ ಎಂದು ಹೆಸರಿಟ್ಟವರೂ ಅವರೇ. ಇರುವೆ ಒಂದೇ ಸಲಕ್ಕೆ ಹೇಳಿಬಿಟ್ಟರೆ ಡಬ್ಬಿ ಬಹಳ ಸುಲಭವಾಯಿತು. ವಾರವೆಲ್ಲ ತಿಣುಕಿದರೂ ಆಗದಿದ್ದರೆ ಬಹಳ ಕಷ್ಟವಾಯಿತು. ನಡುವೆ ನಿಂತದ್ದು ಮಾತ್ರ ಶಾಲೆಯ ಕಪಾಟಿಗೆ ಹೋಗುತ್ತಿತ್ತು. ಅವಳು ಏನೇ ಹೇಳಲಿ, ಮೇಷ್ಟ್ರು "ಹ್ಞೂಂ" ಎನ್ನುವರು, ಡಬ್ಬಿ ಎತ್ತಿಡುವರು. ಸರಿ ಎನ್ನುತ್ತಿರಲಿಲ್ಲ, ತಪ್ಪು ಎನ್ನುತ್ತಿರಲಿಲ್ಲ, ಒಂದು ದಿನವೂ ತೆರೆದು ತೋರಿಸುತ್ತಿರಲಿಲ್ಲ. ಮಗಳಾದರೇನು, ನಿಯಮ ನಿಯಮವೇ.

ಅಂದೂ ಕೈ ತಾನಾಗಿಯೇ ಹೋಯಿತು. ಹೊಸ ಡಬ್ಬಿಯೊಂದು ಮೇಜಿಗೆ ಬಂತು. ಇರುವೆ ಅದನ್ನು ಎತ್ತಿ ಕಿವಿಗೆ ಹಿಡಿದಳು. ಒದ್ದೆ ಕೈ ಒರೆಸಿಕೊಳ್ಳುತ್ತ ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅವಳು ಔಷಧದ ಅಂಗಡಿಯ ಕೌಂಟರಿನಲ್ಲಿ ದಿನವಿಡೀ ಜನರ ಕೈಬರಹ ಓದುವವಳು, ಎದುರಿಗಿದ್ದದ್ದು ಅವಳ ಕಣ್ಣು ತಪ್ಪುವುದಿಲ್ಲ.

"ಏನ್ರೀ, ನಿಮ್ಮಕ್ಕನ ಮಗ ಮುಟ್ಟಬಾರದು ಅಂದ್ರಲ್ಲ, ಆ ಡಬ್ಬಿ ಇದೇನಾ?"

ಇರುವೆ ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟಳು.

"ಇದು... ಇದು ಮುಂದಿನ ವರ್ಷಕ್ಕೆ," ಎಂದು ತೊದಲಿದರು ಮೇಷ್ಟ್ರು.

"ಕಪಾಟಿನಲ್ಲಿರೋವು?"

"ಅಷ್ಟೂ ನನಗೆ ಗೊತ್ತು," ಎಂದಳು ಇರುವೆ. ಜಂಬಕ್ಕಲ್ಲ, ಇದ್ದದ್ದನ್ನು ಹೇಳಿದಂತೆ ಹೇಳಿದಳು. "ನಾನು ಹಿಡಿಯದ ಡಬ್ಬಿ ಅಲ್ಲಿ ಒಂದೂ ಇಲ್ಲ ಅಲ್ವಾ ಅಪ್ಪಾ?"

ನಂಬುತ್ತೀರೋ ಬಿಡುತ್ತೀರೋ, ಆ ಗಳಿಗೆಯವರೆಗೆ ಇದು ಮೇಷ್ಟ್ರ ತಲೆಗೆ ಬಂದೇ ಇರಲಿಲ್ಲ. ಡಬ್ಬಿ ಮಾಡಲು ಕತ್ತರಿ ಬೇಕು, ಇಕ್ಕಳ ಬೇಕು, ಮಗಳು ಬೇಕು, ಅವರ ಲೆಕ್ಕ ಅಷ್ಟೇ ಇತ್ತು. ಆ ಮಗಳು ಒಂದು ದಿನ ಬೆಳೆದು ಮೇಜಿನ ಆ ಕಡೆ ಬಂದು ಕೂರುತ್ತಾಳೆ ಎಂದು ಎಣಿಸಿರಲಿಲ್ಲ. ಊರಿನವರ ಕೈಯನ್ನೆಲ್ಲ ತಡೆದು ನಿಲ್ಲಿಸಿದ ಮನುಷ್ಯ ತನ್ನ ಕೈಯನ್ನೇ ನೋಡಿಕೊಂಡಿರಲಿಲ್ಲ. ಅಕ್ಕ ಬಿಟ್ಟುಹೋದ ಟೀ ಲೋಟ ಇನ್ನೂ ಕಿಟಕಿಯ ಪಕ್ಕದಲ್ಲೇ ಇತ್ತು.

ಮರುದಿನವೇ ಹಳೆಯ ಡಬ್ಬಿಗಳನ್ನೆಲ್ಲ ಚೀಲಕ್ಕೆ ತುಂಬಿ ಮನೆಗೆ ತಂದು ಅಟ್ಟಕ್ಕೆ ಹಾಕಿದರು. ಇನ್ನು ಅವು ಪರೀಕ್ಷೆಗೆ ಇಲ್ಲ. ಉಳಿದ ಕೆಲವೇ ದಿನಗಳಲ್ಲಿ ಶಾಲೆಯ ಸ್ಟೋರ್ ರೂಮಿನಲ್ಲಿ ಕೂತು ಹೊಸ ಡಬ್ಬಿಗಳನ್ನು ಮಾಡಿದರು. ಬೆಳಿಗ್ಗೆ ಅಂಟು ಹಚ್ಚುವುದು, ಮಧ್ಯಾಹ್ನ ಮುಚ್ಚಳ ಬಿಗಿಯುವುದು, ಸಂಜೆ ಕಪಾಟಿಗೆ ಇಡುವುದು. ಯಾರ ಕೈಗೂ ಕೊಟ್ಟು ನೋಡಲಿಲ್ಲ. ಕೊಡಲು ಇದ್ದವಳು ಒಬ್ಬಳೇ, ಅವಳಿಗೆ ಕೊಡುವಂತಿರಲಿಲ್ಲ. ಮನೆಯಲ್ಲಿ ಊಟವಾದ ಮೇಲೆ ಮೇಜು ಖಾಲಿ ಇರುತ್ತಿತ್ತು. ಇರುವೆ ಪುಸ್ತಕ ಹಿಡಿದು ಒಳಗೆ ಹೋಗುತ್ತಿದ್ದಳು. ಮೇಷ್ಟ್ರು ಸುಮ್ಮನೆ ಆ ಮೇಜನ್ನೇ ಎರಡೆರಡು ಸಲ ಒರೆಸುತ್ತಿದ್ದರು.

ಅವಳಿಗೆ ಆ ಶಾಲೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಅದರ ಬಗ್ಗೆ ಮಾತೇ ಆಡುತ್ತಿರಲಿಲ್ಲ. ಇದು ಮೇಷ್ಟ್ರಿಗೆ ಗೊತ್ತಿತ್ತು, ಅವರಿಗೂ ಅವಳು ಅಲ್ಲಿಗೇ ಬರಬೇಕಿತ್ತು. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸು ಹತ್ತುವುದನ್ನು ಅವರು ಯಾವತ್ತೋ ಮನಸ್ಸಿನಲ್ಲಿ ಕಂಡಾಗಿತ್ತು.

ಪರೀಕ್ಷೆಯ ದಿನ ಹೇಳಿದ ಹಾಗೆಯೇ ಸ್ಟೋರ್ ರೂಮಿನಲ್ಲಿ ಬಾಗಿಲು ಹಾಕಿ ಕೂತು, ತೊಳೆದಿದ್ದ ಗಾಜಿನ ಸಾಮಾನನ್ನೇ ಮತ್ತೆ ತೊಳೆದರು. ಸಂಜೆ ಮನೆಗೆ ಬಂದಾಗ ಹೆಂಡತಿ ಮಗಳನ್ನು ಕೇಳುತ್ತಿದ್ದಳು. ತಾವು ಕೇಳಬಾರದೆಂದು ಮೇಷ್ಟ್ರು ಪಣ ತೊಟ್ಟಿದ್ದರು, ಆದರೆ ಕಿವಿಗೆ ಬಾಗಿಲು ಇಲ್ಲವಲ್ಲ.

"ನನಗೆ ಹಸಿರು ಡಬ್ಬಿ ಬಂತಮ್ಮ," ಎನ್ನುತ್ತಿದ್ದಳು ಇರುವೆ. "ಅದೇ ಡಬ್ಬಿ ಬೆಳಿಗ್ಗೆ ಮೊದಲು ಅತ್ತೆ ಮಗನಿಗೆ ಬಂದಿತ್ತು. ಅಬ್ಬಾ, ಅವನು ಅಲ್ಲಾಡಿಸಿದ್ದು ವರಾಂಡಾದಲ್ಲಿದ್ದ ನಮಗೆಲ್ಲ ಕೇಳಿಸ್ತು. ಆಮೇಲೆ ಎರಡು ಜಡೆ ಹಾಕಿದ ಒಬ್ಬ ಹುಡುಗಿಗೆ ಬಂತು. ಆಮೇಲೆ ನನಗೆ."

"ನೀನೇನು ಹೇಳಿದೆ?"

"ಒಂದು ಕಬ್ಬಿಣದ ಗೋಲಿ ಇದೆ ಅಂದೆ. ಅದರ ಜೊತೆ ಚಪ್ಪಟೆ ಪಟ್ಟಿ ಒಂದು ಜಾರಾಡ್ತಿದೆ. ಅದನ್ನ ಮೊದಲು ಅಡ್ಡಕ್ಕೆ ಅಂಟಿಸಿದ್ರು ಅನ್ಸುತ್ತೆ, ಈಗ ಕಿತ್ಕೊಂಡಿದೆ. ಒಂದು ತುದಿ ಇನ್ನೂ ಅಂಟಂಟಾಗಿದೆ, ಅದಕ್ಕೇ ತಡೆದು ತಡೆದು ಜಾರುತ್ತೆ ಅಂದೆ." ಅವಳ ದನಿ ಸಣ್ಣದಾಯಿತು. "ಕೆಮಿಸ್ಟ್ರಿ ಮೇಡಂ ಚೀಟಿ ನೋಡಿದ್ರು. ಇನ್ನೊಂದ್ಸಲ ಯೋಚನೆ ಮಾಡ್ತೀಯಾ ಅಂತ ಕೇಳಿದ್ರು. ನಾನು ಅದನ್ನೇ ಹೇಳ್ದೆ. ಅವರ ಮುಖ ಸಪ್ಪಗಾಯ್ತು. ನನಗೆ ಸಿಗಲ್ಲಮ್ಮ."

ಮೇಷ್ಟ್ರು ಅಡುಗೆಮನೆಯಲ್ಲಿ ನಿಂತಲ್ಲೇ ನಿಂತರು. ಚೀಟಿಯಲ್ಲಿ ಅವರೇ ಬರೆದದ್ದು: ಒಂದು ಗೋಲಿ, ನಡುವೆ ಗಟ್ಟಿಯಾಗಿ ಕೂತ ಅಡ್ಡಪಟ್ಟಿ. ಆದರೆ ಇರುವೆಯ ಕಿವಿ ಎಂಥದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಅಂಟಂಟಾಗಿದೆ ಎಂದರೆ ಅಂಟಂಟಾಗಿಯೇ ಇರುತ್ತದೆ. ಮುಂಚೆಲ್ಲ ಪ್ರತಿ ಡಬ್ಬಿಯೂ ವಾರಗಟ್ಟಲೆ ಇದೇ ಮನೆಯಲ್ಲಿ, ಇವಳ ಕೈಯಲ್ಲಿ ಇರುತ್ತಿತ್ತು. ಅಂಟು ಒಣಗಲು ಅಷ್ಟು ಹೊತ್ತು ಬೇಕು ಎಂಬುದೇ ಅವರಿಗೆ ಗೊತ್ತಿರಲಿಲ್ಲ, ಗೊತ್ತಾಗುವ ಸಂದರ್ಭವೇ ಬಂದಿರಲಿಲ್ಲ. ಈ ಸಲ ಹಸಿ ಅಂಟಿನ ಮೇಲೆಯೇ ಮುಚ್ಚಳ ಬಿಗಿದಿದ್ದರು. ಬುಲ್ಡೋಜರ್ ಹಿಡಿದಾಗ ಪಟ್ಟಿ ಕೂತಿತ್ತು; ಅವನು ಅಲ್ಲಾಡಿಸಿದ ರಭಸಕ್ಕೆ ಕಿತ್ತುಕೊಂಡಿತು. ಆಮೇಲೆ ಬಂದ ಹುಡುಗಿಯರಿಬ್ಬರೂ ಇದ್ದದ್ದನ್ನು ಇದ್ದ ಹಾಗೆ ಹೇಳಿ ತಪ್ಪು ಎನ್ನಿಸಿಕೊಂಡರು.

ಹೆಂಡತಿ ಅಡುಗೆಮನೆಗೆ ಬಂದವಳೇ ಅವರ ಮುಖ ನೋಡಿದಳು. "ಏನಾಯ್ತು?"

ಹೇಳಿದರು.

"ಮತ್ತೆ ಇನ್ನೂ ಇಲ್ಲೇ ನಿಂತಿದೀರಲ್ಲ?"

"ಹೋಗಿ ಹೇಳಿದ್ರೆ ಮಗಳ ಪರ ಬಂದ ಅಂತಾರೆ ಕಣೇ. ಅಷ್ಟು ದಿನ ಎಲ್ಲರ ಬಾಯಿ ಮುಚ್ಚಿಸಿ ಈಗ ನಾನೇ ಹೋಗಿ ಬಾಗಿಲು ತಟ್ಟೋದಾ?"

"ಆ ಎರಡು ಜಡೆ ಹುಡುಗಿ ಯಾರ ಮಗಳು?"

"ಗೊತ್ತಿಲ್ಲ."

"ಅವಳಿಗೋಸ್ಕರ ಹೋಗಿ. ನಮ್ಮವಳು ಅವಳ ಹಿಂದೆ ಬರ್ಲಿ."

ಮೇಷ್ಟ್ರು ಕೇಳಿದರು, "ಅವಳಿಲ್ಲದೆ ಬರೀ ಇರುವೆಗೇ ಆ ಡಬ್ಬಿ ಬಂದಿದ್ರೆ?"

"ಆಗಲೂ ಹೋಗ್ಬೇಕಿತ್ತು. ಆದ್ರೆ ನೀವು ಹೋಗ್ತಿರಲಿಲ್ಲ," ಎಂದಳು ಹೆಂಡತಿ. ಆ ಮಾತು ಚೆನ್ನಾಗಿಯೇ ನಾಟಿತು, ಯಾಕೆಂದರೆ ನಿಜವಾಗಿತ್ತು.

ಬೆಳಿಗ್ಗೆ ಪ್ರಿನ್ಸಿಪಾಲ್ ಮೇಡಂ ಕೋಣೆಯಲ್ಲಿ ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು ನಿಂತರು. ಡಬ್ಬಿಯನ್ನು ತಾವು ಮುಟ್ಟುವುದಿಲ್ಲ ಎಂದು ಮೊದಲೇ ಹೇಳಿದರು. ಕೆಮಿಸ್ಟ್ರಿ ಮೇಡಂ ಹಿಡಿದುಕೊಂಡರು, ಪ್ರಿನ್ಸಿಪಾಲ್ ಮೇಡಂ ಕತ್ತರಿಯಿಂದ ಟೇಪು ಕತ್ತರಿಸಿದರು. ಗೋಲಿ ಉರುಳಿ ಬಂತು. ಅದರ ಹಿಂದೆ ಪಟ್ಟಿ ಜಾರಿ ಬಂದು ಮೇಜಿನ ಮೇಲೆ ಬಿತ್ತು, ಅದರ ತುದಿಯಲ್ಲಿ ಅಂಟು ಇನ್ನೂ ನೂಲಿನ ಹಾಗೆ ಎಳೆಯುತ್ತಿತ್ತು.

"ಅಯ್ಯೋ ದೇವರೇ," ಎಂದರು ಕೆಮಿಸ್ಟ್ರಿ ಮೇಡಂ. "ಇಬ್ಬರು ಮಕ್ಕಳಿಗೂ ನಾನು ಸೊನ್ನೆ ಹಾಕಿದೀನಿ."

ಪ್ರಿನ್ಸಿಪಾಲ್ ಮೇಡಂ ವಯಸ್ಸಾದ ಹೆಂಗಸು, ಬೇಗ ಮಾತಾಡುವವರಲ್ಲ. ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಆ ಹುಡುಗಿ ಎರಡು ವಸ್ತು ಇದೆ ಅಂತಷ್ಟೇ ಹೇಳಿದ್ದು. ನಿಮ್ಮ ಮಗಳು ಅಂಟು ಹಸಿ ಇದೆ ಅಂತ ಕೂಡ ಹೇಳಿದಾಳೆ. ಮುಚ್ಚಿದ ಡಬ್ಬೀಲಿ ಅದು ಹೇಗೆ ಗೊತ್ತಾಯ್ತು ಮೇಷ್ಟ್ರೇ? ಅವಳನ್ನ ಕರೆಸಿ, ನಾನೇ ಕೇಳ್ತೀನಿ."

ಮಧ್ಯಾಹ್ನ ಇರುವೆ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಮೇಷ್ಟ್ರು ಬಾಗಿಲ ಹತ್ತಿರ ನಿಂತಿದ್ದರು. ಮೇಡಂ ಕೇಳಿದರು. ಕಿವಿಗೆ ಕೇಳಿಸಿತು ಎಂದು ಅಷ್ಟಕ್ಕೇ ನಿಲ್ಲಿಸಬಹುದಿತ್ತು, ಅದೇನೂ ಸುಳ್ಳಾಗುತ್ತಿರಲಿಲ್ಲ. ಅಷ್ಟಕ್ಕೇ ನಿಲ್ಲಿಸಲಿ ಎಂದು ಮೇಷ್ಟ್ರು ಒಳಗೊಳಗೇ ಬೇಡಿಕೊಂಡರು ಕೂಡ. ಬೇಡಿಕೊಂಡ ಮರುಕ್ಷಣ ತಮ್ಮ ಬಗ್ಗೆ ತಮಗೇ ನಾಚಿಕೆಯಾಯಿತು.

"ನಮ್ಮನೇಲಿ ಊಟ ಆದ್ಮೇಲೆ ಡಬ್ಬಿ ಬರುತ್ತೆ ಮೇಡಂ," ಎಂದಳು ಇರುವೆ. "ನಾನು ಚಿಕ್ಕೋಳಿದ್ದಾಗಿಂದ. ಇಲ್ಲಿ ಇಟ್ಟಿದ್ದ ಡಬ್ಬಿಗಳೆಲ್ಲ ಮೊದಲು ನನ್ನ ಹತ್ರಾನೇ ಬರ್ತಿದ್ವು."

ಮೇಷ್ಟ್ರಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ಈ ಸಲ ಹಳೇದು ಒಂದನ್ನೂ ಇಟ್ಟಿಲ್ಲ ಮೇಡಂ," ಎಂದರು. "ಎಲ್ಲ ಹೊಸವು. ಅವಳು ಕಣ್ಣಲ್ಲೂ ನೋಡಿಲ್ಲ."

"ಡಬ್ಬಿ ಹೊಸದು ಅಪ್ಪಾ," ಎಂದಳು ಇರುವೆ ತಿರುಗಿ ನೋಡದೆ. "ಕಿವಿ ಹಳೇದೇ ಅಲ್ವಾ."

ಪ್ರಿನ್ಸಿಪಾಲ್ ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ನೋಡು ಮಗು, ಇಲ್ಲಿಗೆ ಬರೋ ಯಾವ ಮಗುವೂ ಬರಿಗೈಲಿ ಬರಲ್ಲ. ಎಲ್ಲರ ಹಿಂದೆಯೂ ಒಂದು ಮನೆ ಇರುತ್ತೆ. ಮನೇಲಿ ಕಲಿತಿದ್ದನ್ನ ಕಳೆದು ಅಂಕ ಹಾಕೋಕೆ ನನ್ನ ಹತ್ರ ತಕ್ಕಡಿ ಇಲ್ಲ. ಆದ್ರೆ ಒಂದೇ ಮನೆಯ ಮೇಜನ್ನ ತಂದು ಇಲ್ಲಿ ಹಾಕಿ, ಊರ ಮಕ್ಕಳನ್ನೆಲ್ಲ ಅದರ ಮುಂದೆ ಕೂರಿಸಿದ್ದು ತಪ್ಪು. ಅದು ನಿನ್ನ ತಪ್ಪಲ್ಲ." ಕೊನೆಯ ಮಾತು ಹೇಳುವಾಗ ಮೇಷ್ಟ್ರ ಕಡೆ ನೋಡಿದರು. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಉಳಿದ ಡಬ್ಬಿಗಳನ್ನೂ ತೆರೆದು ನೋಡಿದರು, ಅವೆಲ್ಲ ಚೀಟಿಯಲ್ಲಿದ್ದ ಹಾಗೆಯೇ ಇದ್ದವು. ಕೊನೆಗೆ ತೀರ್ಮಾನವಾದದ್ದು ಇಷ್ಟು: ಹಸಿರು ಡಬ್ಬಿ ಹಿಡಿದ ಮೂವರಿಗೂ ಶನಿವಾರ ಬೇರೆ ಪರೀಕ್ಷೆ. ಡಬ್ಬಿ ಇಲ್ಲ. ಏನಿಡಬೇಕೆಂದು ಕೆಮಿಸ್ಟ್ರಿ ಮೇಡಂ ಒಬ್ಬರೇ ಯೋಚಿಸಬೇಕು. ಡಬ್ಬಿ ಮೇಷ್ಟ್ರು ಆ ದಿನ ಶಾಲೆಯ ಕಡೆ ತಲೆಯನ್ನೂ ಹಾಕಬಾರದು.

ಹಿಂದಿರುಗುವಾಗ ಬಸ್ಸಿನಲ್ಲಿ ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಯಾಕೆ ಹೇಳ್ದೆ?"

"ಕೇಳಿದ್ರು, ಹೇಳ್ದೆ."

"ಉತ್ತರ ಸರಿ ಇತ್ತಲ್ಲೇ, ಅಷ್ಟಕ್ಕೇ ಸುಮ್ಮನಾಗಿದ್ದಿದ್ರೆ..."

"ಪರೀಕ್ಷೆ ದಿನ ನೀನು ಎದ್ದು ಸ್ಟೋರ್ ರೂಮಿಗೆ ಹೋಗ್ಬಿಟ್ಟೆ ಅಪ್ಪಾ," ಎಂದಳು ಅವಳು, ಕಿಟಕಿಯ ಆಚೆ ನೋಡುತ್ತ. "ನಾನು ಕಿವಿ ಬಿಚ್ಚಿಟ್ಟು ಒಳಗೆ ಹೋಗೋಕಾಗುತ್ತಾ? ಅತ್ತೆ ಅಷ್ಟು ಕೇಳ್ಕೊಂಡ್ರೂ ಒಂದು ಡಬ್ಬಿ ಮುಟ್ಟಿಸಲಿಲ್ಲ ನೀನು. ನಾನು ಅಲ್ಲೇ ಕೂತಿದ್ದೆ."

ಸಂಜೆ ಅಕ್ಕನ ಫೋನು. ರಿಸೀವರನ್ನು ಕಿವಿಯಿಂದ ದೂರ ಹಿಡಿದರೂ ಕೇಳಿಸುತ್ತಿತ್ತು. "ನನ್ನ ಮಗ ಸರಿಯಾಗಿ ಹೇಳಿದ್ನಂತಲ್ಲೋ! ನಿನ್ನ ಅಂಟು ಕಿತ್ಕೊಂಡು ಹೋದ್ರೆ ಅವನ್ಯಾಕೋ ಮತ್ತೆ ಬರೀಬೇಕು? ಒಂದು ಡಬ್ಬಿ ತೋರಿಸು ಅಂದ್ರೆ ನ್ಯಾಯ ಹೇಳ್ದೆ, ಈಗ ಸರಿ ಉತ್ತರಾನೂ ಕಿತ್ಕೊಂಡೆ!" ಮೇಷ್ಟ್ರು ಎಲ್ಲವನ್ನೂ ಕೇಳಿಸಿಕೊಂಡರು.

ಶನಿವಾರ ಕೆಮಿಸ್ಟ್ರಿ ಮೇಡಂ ಒಂದು ಮೇಣದ ಬತ್ತಿ, ಒಂದು ಗಾಜಿನ ಲೋಟ, ಒಂದು ತಟ್ಟೆ ನೀರು ಇಟ್ಟು ಮಾತಾಡಿಸಿದರಂತೆ. ಎರಡು ಜಡೆಯ ಹುಡುಗಿ ಲೋಟವನ್ನು ಕವುಚಿ, ಎತ್ತಿ, ಮತ್ತೆ ಕವುಚಿ, ಮೇಡಂಗೇ ಪ್ರಶ್ನೆ ಕೇಳಿದಳಂತೆ. ಬುಲ್ಡೋಜರ್ ಲೋಟ ಒಡೆದನಂತೆ, ಆದರೆ ಯಾಕೆ ಒಡೆಯಿತೆಂದು ಬಹಳ ಸೊಗಸಾಗಿ ವಿವರಿಸಿದನಂತೆ. ಇರುವೆ ಮೊದಲು ಬತ್ತಿಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದಳಂತೆ. ಹಿಡಿದು, ತಾನೇ ನಾಚಿ, ಕೆಳಗಿಟ್ಟಳಂತೆ. ಆಮೇಲೆ ಹೇಳಿದ್ದೆಲ್ಲ ಚೆನ್ನಾಗಿತ್ತು, ಎಲ್ಲ ಜಾಣ ಮಕ್ಕಳೂ ಹೇಳುವಷ್ಟು ಚೆನ್ನಾಗಿತ್ತು. ಫಲಿತಾಂಶ ಬಂದ ಮೇಲೆ ಕೆಮಿಸ್ಟ್ರಿ ಮೇಡಂ ಇದನ್ನೆಲ್ಲ ಮೇಷ್ಟ್ರಿಗೆ ಹೇಳುವಾಗ ಅವರ ಕಣ್ಣಲ್ಲೂ ನೀರಿತ್ತು.

ಮುಂದಿನ ಶನಿವಾರ ಗೇಟಿನ ಬೋರ್ಡಿನ ಮೇಲೆ ಹೆಸರುಗಳು ಬಂದವು. ಎರಡು ಜಡೆಯ ಹುಡುಗಿ ಇದ್ದಳು. ಬುಲ್ಡೋಜರ್ ಇದ್ದ. ಇರುವೆ ಇರಲಿಲ್ಲ.

ಅವಳು ಅಳಲಿಲ್ಲ. ಅಮ್ಮನ ಜೊತೆ ಮನೆಗೆ ಬಂದಳು, ಕೈಕಾಲು ತೊಳೆದಳು, ಊಟ ಮಾಡಿದಳು. "ಬೇರೆ ಹೈಸ್ಕೂಲು ಇಲ್ವಾ ಊರಲ್ಲಿ, ಅಲ್ಲಿ ಓದಿದವರು ಬದುಕಿಲ್ವಾ" ಎಂದು ಅಮ್ಮ ಹೇಳಿದ್ದಕ್ಕೆಲ್ಲ ತಲೆಯಾಡಿಸಿದಳು. ಮೇಷ್ಟ್ರು ಆ ರಾತ್ರಿ ಎದ್ದು ಎದ್ದು ಹೋಗಿ ಖಾಲಿ ಮೇಜನ್ನು ಒರೆಸಿದರು. ಸರಿಯಾದುದನ್ನು ಮಾಡಿದರೆ ನಿದ್ದೆ ಬರುತ್ತದೆ ಎಂದು ಯಾರು ಹೇಳುತ್ತಾರೋ ಅವರಿಗೆ ಮಕ್ಕಳಿರಲಿಕ್ಕಿಲ್ಲ.

ಮರುದಿನ ಭಾನುವಾರ ಮಧ್ಯಾಹ್ನ ಅಕ್ಕ ಮಗನನ್ನು ಕರೆದುಕೊಂಡು ಬಂದಳು. ಬಾಗಿಲಲ್ಲೇ, "ನೋಡಿದ್ಯೇನೋ, ನಿನ್ನ ಡಬ್ಬಿ ಮೊದಲೇ ಮುಟ್ಟದೇನೇ ಸೀಟು ತಗೊಂಡ ನನ್ನ ಮಗ!" ಎಂದಳು. ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ, ಹೆಮ್ಮೆ ತುಂಬಿ ತುಳುಕುತ್ತಿತ್ತು. ಆಮೇಲೆ ಇರುವೆಯ ಮುಖ ಕಂಡು ಮಾತು ನಿಲ್ಲಿಸಿದಳು. ಅವಳನ್ನು ಹತ್ತಿರ ಎಳೆದುಕೊಂಡು ತಲೆ ಸವರಿದಳು.

ಮೇಷ್ಟ್ರು ಎದ್ದರು. ಅಟ್ಟ ಹತ್ತಿ ಚೀಲ ಇಳಿಸಿದರು. ಹಳೆಯ ಡಬ್ಬಿಗಳನ್ನೆಲ್ಲ ಮೇಜಿನ ಮೇಲೆ ಜೋಡಿಸಿ, ಕತ್ತರಿಯನ್ನು ಇರುವೆಯ ಕೈಗೆ ಕೊಟ್ಟರು.

"ಇವು ಇನ್ನು ಯಾರ ಪರೀಕ್ಷೆಗೂ ಹೋಗಲ್ಲ," ಎಂದರು. "ತೆಗಿ."

ಅವಳು ನಂಬದವಳಂತೆ ಅವರನ್ನು ನೋಡಿದಳು. "ನಾನಾ?"

"ನೀನೇ."

ಅವಳು ಕೆಂಪು ಡಬ್ಬಿ ಎತ್ತಿಕೊಂಡಳು. "ಇದರಲ್ಲಿ ರಬ್ಬರ್ ಬ್ಯಾಂಡಿಗೆ ಭಾರ ಕಟ್ಟಿದೆ, ಅದಕ್ಕೇ ಉರುಳಿಸಿದ್ರೆ ವಾಪಸ್ ಬರುತ್ತೆ ಅಂದಿದ್ದೆ." ಟೇಪು ಕತ್ತರಿಸಿ ಮುಚ್ಚಳ ತೆಗೆದಳು. ರಬ್ಬರ್ ಬ್ಯಾಂಡು, ಅದಕ್ಕೆ ಕಟ್ಟಿದ ಭಾರ, ಎರಡೂ ಇದ್ದವು.

"ಸರಿ," ಎಂದರು ಮೇಷ್ಟ್ರು. ಆ ಪದ ಆ ಮೇಜಿನ ಮುಂದೆ ಮೊದಲ ಸಲ ಅವರ ಬಾಯಿಂದ ಬಂತು.

"ಇದರಲ್ಲಿ ಎಣ್ಣೆ, ಎಣ್ಣೆಯೊಳಗೆ ಗೋಲಿ."

"ಸರಿ."

"ಇದು ಒಂದು ಕಡೆಗೆ ಮೇಣ ಮೆತ್ತಿರೋದು."

"ಸರಿ ಕಣಮ್ಮ."

ಅಲ್ಲಿಯವರೆಗೆ ಹನಿ ನೀರು ಹಾಕದಿದ್ದ ಹುಡುಗಿಯ ಕಣ್ಣಿಂದ ಈಗ ದಳದಳ ಇಳಿಯತೊಡಗಿತು. ಆದರೂ ಕೈ ನಿಲ್ಲಲಿಲ್ಲ. ಬುಲ್ಡೋಜರ್ ಬಂದು ಪಕ್ಕದಲ್ಲಿ ಕೂತು, ಪಾಪ, ಏನನ್ನೂ ಮುರಿಯದೆ ಒಂದೊಂದೇ ಡಬ್ಬಿಯನ್ನು ಅವಳ ಕೈಗೆ ಎತ್ತಿ ಕೊಟ್ಟ. ಬಿಸ್ಕೆಟ್ಟಿನ ಡಬ್ಬಿಯೊಂದನ್ನು ಕೊಡುವ ಮುಂಚೆ ಕಿವಿಯ ಹತ್ತಿರ ಅಲ್ಲಾಡಿಸಿ, "ಇದು ಖಾಲಿ," ಎಂದ.

"ನಾನೂ ಖಾಲಿ ಅಂತಾನೇ ಹೇಳಿದ್ದೆ," ಎಂದಳು ಇರುವೆ. ತೆರೆದಳು. ಒಳಗೆ ಬಾಯಿಯವರೆಗೆ ಹತ್ತಿ ತುರುಕಿತ್ತು.

"ಇದೊಂದು ತಪ್ಪು," ಎಂದರು ಮೇಷ್ಟ್ರು.

"ಮೋಸ!" ಎಂದು ಅಳುತ್ತಲೇ ನಕ್ಕುಬಿಟ್ಟಳು. "ಅಂಥದೇ ಇನ್ನೊಂದು ಖಾಲಿ ಡಬ್ಬಿ ಪಕ್ಕ ಇಟ್ಟು ತೂಗಿದ್ರೆ ಗೊತ್ತಾಗ್ತಿತ್ತು. ಆಗ ಹೇಳಿದ್ರೆ ನಾನು ತೂಗ್ತಿದ್ದೆ ಅಪ್ಪಾ." ಮೂಗು ಒರೆಸಿಕೊಂಡು, ತೆರೆದಿಟ್ಟ ಡಬ್ಬಿಗಳನ್ನೆಲ್ಲ ಒಮ್ಮೆ ನೋಡಿದಳು. "ಇಷ್ಟು ನೋಡೋಕೇ ನಾನು ಆ ಸ್ಕೂಲಿಗೆ ಬರ್ತೀನಿ ಅಂದಿದ್ದು. ಅಲ್ಲಿ ಸೇರಿದ್ರೆ ಮೊದಲನೇ ವಾರ ತೆಗೆದು ತೋರಿಸ್ತಾರಲ್ಲ, ಆಗ ನಾನು ಹೇಳಿದ್ದೆಲ್ಲ ಸರಿಯಿತ್ತಾ ಅಂತ ಗೊತ್ತಾಗುತ್ತೆ ಅಂತ."

ಮೇಷ್ಟ್ರು ಹತ್ತಿಯ ಉಂಡೆಯನ್ನು ಕೈಯಲ್ಲಿ ಹಿಡಿದು ಕೂತುಬಿಟ್ಟರು. ಅಷ್ಟು ವರ್ಷ, ದಿನಾ ರಾತ್ರಿ, ಇದೇ ಮೇಜಿನ ಮೇಲೆ ಕೊಡಬಹುದಾಗಿದ್ದದ್ದು ಅದು. ಕಣ್ಣು ಮಂಜಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಬಂದು ಅವರ ಕೈಯಿಂದ ಹತ್ತಿ ತೆಗೆದಿಟ್ಟಳು.

"ಮುಂದಿನದಕ್ಕೆ ಹೇಳ್ರೀ," ಎಂದಳು. "ಅವಳು ಕಾಯ್ತಿದಾಳೆ."